ಒಂದೇ ಸಿನಿಮಾ, ದೇಶಕ್ಕೊಂದು ಬೆಲೆ ಯಾಕೆ?

ಮನೆಯ ಅಟ್ಟದ ಮೇಲೆ ಇಂಗ್ಲಿಷ್ ಸಿನಿಮಾದ ಹಳೆಯ ಅಸಲಿ ಡಿವಿಡಿ ಡಬ್ಬಿ ಸಿಕ್ಕರೆ ಹಿಂಬದಿ ತಿರುಗಿಸಿ ನೋಡಿ. ಸಾಮಾನ್ಯವಾಗಿ ಒಂದು ಪುಟ್ಟ ಭೂಗೋಳದ ಚಿತ್ರ, ಅದರೊಳಗೆ 5 ಎಂಬ ಅಂಕಿ ಕಾಣುತ್ತದೆ. ಅದು ಬೆಲೆಯಲ್ಲ. ಆದರೆ ಬೆಲೆಯ ಗುಟ್ಟು ಅಲ್ಲೇ ಇದೆ.

ಮೊದಲು ನಮ್ಮ ಸಂತೆಯ ಲೆಕ್ಕ ನೋಡೋಣ. ಒಂದು ಮಂಡಿಯಲ್ಲಿ ಟೊಮೆಟೊ ಅಗ್ಗ, ಪಕ್ಕದ ಜಿಲ್ಲೆಯಲ್ಲಿ ದುಬಾರಿ ಅಂದುಕೊಳ್ಳಿ. ಯಾರಾದರೂ ಟೆಂಪೊ ತುಂಬಿಸಿಕೊಂಡು ಅಲ್ಲಿಗೆ ಹೊರಡುತ್ತಾರೆ. ನಾಲ್ಕು ದಿನದಲ್ಲಿ ಎರಡೂ ಕಡೆಯ ಬೆಲೆ ಹತ್ತಿರ ಬರುತ್ತದೆ. ಬೆಲೆ ಬೇರೆ ಬೇರೆಯಾಗಿಯೇ ಉಳಿಯಬೇಕಾದರೆ ನಡುವೆ ಬೇಲಿ ಇರಬೇಕು.

ಸಿನಿಮಾ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕಿಗೆ, ಟೇಪಿಗೆ ತಗಲುವ ಖರ್ಚು ಸಣ್ಣದು. ಹಾಗಾಗಿ ಕಂಪನಿಗಳು ಬೆಲೆ ಕಟ್ಟಿದ್ದು ಖರ್ಚು ನೋಡಿ ಅಲ್ಲ, ಆ ದೇಶದ ಜನ ಎಷ್ಟು ಕೊಟ್ಟಾರು ಎಂದು ನೋಡಿ. ಅಗ್ಗದ ದೇಶದ ಮಾಲು ದುಬಾರಿ ದೇಶಕ್ಕೆ ಹೋಗದಂತೆ ಬೇಲಿಗಳೂ ಎದ್ದವು.

ಮೊದಲ ಬೇಲಿ ಯಾರೂ ಬೇಕೆಂದು ಹಾಕಿದ್ದಲ್ಲ. ಅಮೆರಿಕ, ಜಪಾನ್ ದೇಶಗಳ ಟಿವಿ ಪದ್ಧತಿ ಆಗ ಎನ್‌ಟಿಎಸ್‌ಸಿ ಆಗಿತ್ತು. ಭಾರತದ್ದು, ಬ್ರಿಟನ್ನಿನದು ಪಾಲ್ ಆಗಿತ್ತು. ಅಲ್ಲಿನ ಕ್ಯಾಸೆಟ್ ಇಲ್ಲಿನ ಸಾಮಾನ್ಯ ವಿಸಿಆರ್‌ನಲ್ಲಿ ಸರಿಯಾಗಿ ಓಡುತ್ತಿರಲಿಲ್ಲ.

ಎರಡನೆಯ ಬೇಲಿ ಕಾನೂನು. 1977ರಲ್ಲಿ ಅಮೆರಿಕದ ಮ್ಯಾಗ್ನೆಟಿಕ್ ವಿಡಿಯೋ ಎಂಬ ಕಂಪನಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ 50 ಸಿನಿಮಾಗಳ ಹಕ್ಕು ಪಡೆದು ಕ್ಯಾಸೆಟ್ ಮಾರಲು ಶುರುಮಾಡಿತು. ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ ಜಾರ್ಜ್ ಅಟ್ಕಿನ್‌ಸನ್ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ತೆರೆದರು. ಒಮ್ಮೆ ಕೊಂಡ ಪ್ರತಿಯನ್ನು ಕೊಂಡವರು ಮಾರಬಹುದು, ಬಾಡಿಗೆಗೂ ಕೊಡಬಹುದು ಎಂಬುದು ಅಲ್ಲಿನ ಕಾನೂನು. ಅಂಗಡಿ ಒಂದು ಕ್ಯಾಸೆಟ್ಟನ್ನು ನೂರು ಸಲ ಬಾಡಿಗೆಗೆ ಕೊಟ್ಟರೂ ಸ್ಟುಡಿಯೋಗೆ ಅದರಲ್ಲಿ ಪಾಲಿಲ್ಲ. ಅದಕ್ಕೇ ಸ್ಟುಡಿಯೋಗಳು ಮೊದಲ ಮಾರಾಟದಲ್ಲೇ ವಸೂಲಿಗೆ ಇಳಿದವು. ಒಂದು ಕ್ಯಾಸೆಟ್ಟಿಗೆ 80 ಡಾಲರ್‌ವರೆಗೂ ಬೆಲೆ ಇಟ್ಟವು. ಅಂಗಡಿಗಳು ಕೊಂಡವು, ಮನೆಯವರು ಬಾಡಿಗೆಗೆ ತಂದರು. 1982ರಲ್ಲಿ ಪ್ಯಾರಾಮೌಂಟ್ 'ಸ್ಟಾರ್ ಟ್ರೆಕ್' ಸರಣಿಯ ಎರಡನೇ ಸಿನಿಮಾವನ್ನು 39.95 ಡಾಲರಿಗೆ ಇಳಿಸಿದಾಗ ಮನೆಯವರೂ ಕೊಳ್ಳಲು ಮುಂದೆ ಬಂದರು. ಕ್ಯಾಸೆಟ್ ಅದೇ, ಗಿರಾಕಿ ಬದಲಾದ್ದರಿಂದ ಬೆಲೆ ಬದಲಾಯಿತು.

ಯುರೋಪಿನಲ್ಲಿ ಆಗ ಕಾನೂನು ದೇಶಕ್ಕೊಂದು ತರಹ ಇತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನ ವಿಡಿಯೋ ಅಂಗಡಿಯವರೊಬ್ಬರು ಲಂಡನ್ನಿಗೆ ಹೋಗಿ 'ನೆವರ್ ಸೇ ನೆವರ್ ಅಗೇನ್' ಎಂಬ ಜೇಮ್ಸ್ ಬಾಂಡ್ ಸಿನಿಮಾದ ಕ್ಯಾಸೆಟ್ ಕೊಂಡು ತಂದರು. ಕೊಟ್ಟಿದ್ದು ಪೂರ್ತಿ ಹಣ, ತಂದದ್ದು ಅಸಲಿ ಮಾಲು. ಲಂಡನ್ನಿನಲ್ಲಾಗಿದ್ದರೆ ಅದನ್ನು ಬಾಡಿಗೆಗೆ ಕೊಡಲು ಆಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಡೆನ್ಮಾರ್ಕಿನಲ್ಲಿ ಬೇಕಿತ್ತು. ವಾರ್ನರ್ ಬ್ರದರ್ಸ್ ಕೋರ್ಟಿಗೆ ಹೋಯಿತು. 1988ರಲ್ಲಿ ಯುರೋಪಿನ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಕ್ಯಾಸೆಟ್ ಗಡಿ ದಾಟಬಹುದು, ಬಾಡಿಗೆಗೆ ಕೊಡುವ ಹಕ್ಕು ಅದರ ಜೊತೆ ದಾಟುವುದಿಲ್ಲ ಎಂಬುದು ಅದರ ಸಾರ.

ಮೂರನೆಯ ಬೇಲಿಯೇ ನಮ್ಮ ಡಬ್ಬಿಯ ಮೇಲಿನ ಅಂಕಿ. 1996ರ ಕೊನೆಗೆ ಜಪಾನಿನಲ್ಲಿ, 1997ರಲ್ಲಿ ಅಮೆರಿಕದಲ್ಲಿ ಡಿವಿಡಿ ಬಂತು. ಕಂಪನಿಗಳು ಜಗತ್ತನ್ನು ಆರು ವಲಯಗಳಾಗಿ ಹಂಚಿದವು. ಅಮೆರಿಕ 1, ಜಪಾನ್, ಪಶ್ಚಿಮ ಯುರೋಪ್ ಮತ್ತು ಕೊಲ್ಲಿ ದೇಶಗಳು 2, ಭಾರತ 5, ಚೀನಾ 6. ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡಬಾರದು. ಒಂದು ದೇಶದಲ್ಲಿ ಥಿಯೇಟರಿಗೆ ಬರುವ ಮುಂಚೆಯೇ ಬೇರೆ ದೇಶದ ಡಿವಿಡಿ ಅಲ್ಲಿಗೆ ಬರಬಾರದು ಎಂಬುದು ಕೊಟ್ಟ ಕಾರಣ. ಅದರ ಜೊತೆಗೆ ಬೆಲೆಯ ಬೇಲಿಯೂ ಗಟ್ಟಿಯಾಯಿತು. ದುಬೈನಿಂದ ಮಂಗಳೂರಿಗೆ ಬರುವವರು ಅಲ್ಲಿ ಕೊಂಡ ಡಿವಿಡಿ ತಂದರೆ, ಬೀಗ ತೆಗೆಯದ ಇಲ್ಲಿನ ಪ್ಲೇಯರ್ ಅದನ್ನು ಓಡಿಸುತ್ತಿರಲಿಲ್ಲ. ಒಂದು 2, ಇನ್ನೊಂದು 5.

ನಮ್ಮಲ್ಲೂ ಕಾನೂನಿನ ಬೇಲಿ ಇತ್ತು. ಅಮೆರಿಕದ ಅಸಲಿ ಡಿವಿಡಿ ತರಿಸಿ ಬಾಡಿಗೆಗೆ ಕೊಡುತ್ತಿದ್ದವರೊಬ್ಬರ ವಿರುದ್ಧ 2009ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ನಕಲಿ ಮಾಲು ಅಲ್ಲದಿದ್ದರೂ ಅಪ್ಪಣೆಯಿಲ್ಲದ ಆ ಬಾಡಿಗೆ ವ್ಯಾಪಾರ ನಿಲ್ಲಬೇಕಾಯಿತು.

ಆದರೆ ಬೇಲಿ ಎಷ್ಟೇ ಗಟ್ಟಿಯಿದ್ದರೂ ಒಳಗಿನ ಬೆಲೆ ಜನರ ಕೈಗೆ ಎಟುಕಬೇಕಲ್ಲ? ನೂರಾರು ರೂಪಾಯಿಯ ಅಸಲಿ ಡಿವಿಡಿ ಕೊಳ್ಳಲು ಕೂಲಿಯವರ ಮನೆಯಲ್ಲಿ ದಿನಗಟ್ಟಲೆ ದುಡಿಮೆ ಬೇಕಿತ್ತು. ಬಸ್ ನಿಲ್ದಾಣದ ಪಕ್ಕದಲ್ಲೇ ಕಳ್ಳ ಸಿಡಿ ಸಿಗುತ್ತಿತ್ತು. 2007ರ ಹೊತ್ತಿಗೆ ಮೋಸರ್ ಬೇರ್ ಎಂಬ ಭಾರತದ ಕಂಪನಿ ಸಿನಿಮಾಗಳ ಹಕ್ಕನ್ನು ಸಗಟಾಗಿ ಕೊಂಡು, ತನ್ನದೇ ಕಾರ್ಖಾನೆಯಲ್ಲಿ ಡಿಸ್ಕ್ ಮಾಡಿ, ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಅದು ಸ್ಪರ್ಧೆಗಿಳಿದದ್ದು ಕಳ್ಳ ಸಿಡಿಯ ಜೊತೆಗೆ. ಅಷ್ಟು ಕಡಿಮೆಗೂ ಅಸಲಿ ಮಾಲು ಕೊಡಬಹುದು ಎಂದು ಗೊತ್ತಾದದ್ದು ಆಗಲೇ. ಮುಂದೆ ಡಿಸ್ಕಿನ ಕಾಲವೇ ಮುಗಿಯಿತು, ಆ ಕಂಪನಿಯೂ ಮುಳುಗಿತು.

ಈಗ ನಿಮ್ಮ ಕೈಯಲ್ಲಿರುವ ಫೋನ್ ನೋಡಿ. 2019ರಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆಂದು 199 ರೂಪಾಯಿಯ ಮೊಬೈಲ್ ಪ್ಲಾನ್ ತಂದಿತು, 2021ರಲ್ಲಿ ಅದನ್ನು 149ಕ್ಕೆ ಇಳಿಸಿತು. ಅಮೆರಿಕದವರು ತೆರುವುದು ಇದರ ಎಷ್ಟೋ ಪಟ್ಟು. ಆದರೆ ಈ ಪ್ಲಾನಿನಲ್ಲಿ ಟಿವಿಯಲ್ಲಿ ನೋಡುವಂತಿಲ್ಲ. ಅಗ್ಗದ ಬೆಲೆಗೆ ಸಣ್ಣ ಪರದೆಯೇ ಬೇಲಿ.

ಇದು ಸಿನಿಮಾದ ಮಾತಷ್ಟೇ ಅಲ್ಲ. ಭಾರತದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾದ ಅಗ್ಗದ ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳ ಬಳಿ ನೋಡಿರುತ್ತೀರಿ. ಬೆಲೆ ಇಳಿದಾಗ ಅದು ಕಂಪನಿಯ ಕರುಣೆಯಲ್ಲ, ಏರಿದಾಗ ಖರ್ಚು ಜಾಸ್ತಿಯಾಗಿದೆ ಎಂದೂ ಅಲ್ಲ. ಬೇಲಿ ಎಲ್ಲಿದೆ, ಯಾರು ಹಾಕಿದ್ದಾರೆ ಎಂದು ಹುಡುಕಿದರೆ ಅರ್ಧ ಉತ್ತರ ಸಿಗುತ್ತದೆ.