ಯಾವುದೂ ಅಲ್ಲ ಅನ್ನೋದಕ್ಕೂ ಒಂದು ಗುಂಡಿ

ಮೊನ್ನೆ ಸುಬ್ರಹ್ಮಣ್ಯಪುರದ ಮನೆಯಲ್ಲಿ ಕೂತು ಅಮ್ಮನ ಅರ್ಜಿಯೊಂದನ್ನು ಆನ್‌ಲೈನಿನಲ್ಲಿ ತುಂಬುತ್ತಿದ್ದೆ. ಕಾಯಿಲೆಗಳ ಪಟ್ಟಿಯಲ್ಲಿ ಆರು ಚೆಕ್‌ಬಾಕ್ಸ್. ಆರಕ್ಕೂ ಟಿಕ್ ಹಾಕದೆ ಮುಂದೆ ಹೋಗಲು ಬಿಡಲೊಲ್ಲದು! "ಇಲ್ಲದ ಕಾಯಿಲೆ ಇದೆ ಅಂತ ಬರೀಬೇಕೇನೋ?" ಅಂದಳು ಅಮ್ಮ.

ಇದರ ಬೇರು ಹಳೆಯದು. 1995ರ ನವೆಂಬರಿನ ಎಚ್‌ಟಿಎಂಎಲ್ 2.0ರಲ್ಲೇ ಚೆಕ್‌ಬಾಕ್ಸ್ ಇತ್ತು. ಆದರೆ ಟಿಕ್ ಹಾಕದಿದ್ದರೆ ಬ್ರೌಸರ್ ಅದರ ಹೆಸರನ್ನೇ ಕಳಿಸುವುದಿಲ್ಲ. 'ಯಾವುದೂ ಇಲ್ಲ' ಅಂದರೋ, ನೋಡದೆ ಬಿಟ್ಟರೋ, ಸರ್ವರ್‌ಗೆ ತಿಳಿಯದು. 2014ರಲ್ಲಿ ಅಂತಿಮವಾದ ಎಚ್‌ಟಿಎಂಎಲ್5 'ರಿಕ್ವೈರ್ಡ್' ತಂದಿತು. ರೇಡಿಯೋ ಗುಂಡಿಗಳಲ್ಲಿ ಅದು ಇಡೀ ಗುಂಪಿಗೆ ಅನ್ವಯ, ಚೆಕ್‌ಬಾಕ್ಸಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ. 'ಕನಿಷ್ಠ ಒಂದು' ಅನ್ನುವ ನಿಯಮಕ್ಕೆ ಇವತ್ತಿಗೂ ಜಾವಾಸ್ಕ್ರಿಪ್ಟೇ ಗತಿ.

ಮತಪತ್ರದ ಕಾಲದಲ್ಲೂ ಇದೇ ಕಥೆ. ಇಬ್ಬರಿಗೆ ಮುದ್ರೆ ಒತ್ತಿದರೂ, ಯಾರಿಗೂ ಒತ್ತದಿದ್ದರೂ ಮತ ತಿರಸ್ಕೃತ. ನಮ್ಮ ಜಾಲಹಳ್ಳಿಯ ಬಿಇಎಲ್ ತಯಾರಿಸಿದ ಯಂತ್ರ ಮೊದಲು ಒತ್ತಿದ್ದನ್ನು ಮಾತ್ರ ಎಣಿಸಿ ಮೊದಲನೆಯ ತೊಡಕು ಬಿಡಿಸಿತು. 'ಯಾರಿಗೂ ಇಲ್ಲ' ಎಂದು ಗುಟ್ಟಾಗಿ ಹೇಳಲು ಮಾತ್ರ 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು. ಅದೇ ನೋಟಾ.

ಫಾರಂ ಬರೆಯುವ ಗೆಳೆಯರೇ, ನಿಮ್ಮ ಪಟ್ಟಿಯ ಕೊನೆಯಲ್ಲೂ 'ಮೇಲಿನ ಯಾವುದೂ ಅಲ್ಲ' ಇರಲಿ. ಅಮ್ಮನ ಅರ್ಜಿ ಇನ್ನೂ ಹಾಗೇ ಇದೆ. ಸುಳ್ಳು ಹೇಳಲು ಅವಳು ಒಪ್ಪಲಿಲ್ಲ.