ಲ್ಯಾಪ್‌ಟಾಪ್ ಕೆಟ್ಟರೂ ಕಡತ ಉಳಿದೀತು: ಹಾರ್ಡ್ ಡಿಸ್ಕಿನ ಇತಿಹಾಸ ಹೇಳುವ ಪಾಠ

ಶಾಲೆಯ ಲ್ಯಾಪ್‌ಟಾಪ್ ಆನ್ ಆಗದೆ ಹೋದಾಗ ಮೊದಲು ಕೇಳಿಬರುವ ಮಾತು “ಎಲ್ಲವೂ ಹೋಯಿತು” ಎಂಬುದು. ಯಂತ್ರ ಕೆಟ್ಟಿರುವುದು ನಿಜವೇ ಇರಬಹುದು. ಆದರೆ ಅದರೊಳಗಿನ ಕಡತಗಳೂ ಹೋದವು ಎಂದು ಆಗಲೇ ತೀರ್ಮಾನಿಸಬೇಕಾಗಿಲ್ಲ. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳವರಾದ ನಮಗೆ ಈ ವ್ಯತ್ಯಾಸ ಬಹಳ ಮುಖ್ಯ. ಮಲಯಾಳದಿಂದ ಕನ್ನಡಕ್ಕೆ ತಂದುಕೊಂಡ ಪಾಠ ಟಿಪ್ಪಣಿ, ನಾವೇ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ, ಸ್ಮರಣ ಸಂಚಿಕೆಗೆಂದು ಹಿರಿಯರಿಂದ ಕೇಳಿ ಬರೆದುಕೊಂಡ ಊರಿನ ಕಥೆ - ಇವು ಯಾವ ಪುಸ್ತಕದಂಗಡಿಯಲ್ಲಿಯೂ ದೊರೆಯುವುದಿಲ್ಲ. ಎಷ್ಟೋ ಸಲ ಇರುವುದು ಒಂದೇ ಪ್ರತಿ, ಅದೂ ಒಂದೇ ಯಂತ್ರದಲ್ಲಿ.

ಹಾರ್ಡ್ ಡಿಸ್ಕ್ ಹುಟ್ಟಿದ್ದು 1956ರಲ್ಲಿ. ಐಬಿಎಂ ಕಂಪೆನಿಯ ರಾಮಾಕ್ ಗಣಕದಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳಿದ್ದವು. ಒಂದು ಟನ್ನಿಗೂ ಹೆಚ್ಚು ತೂಗುತ್ತಿದ್ದ ಆ ಪೆಟ್ಟಿಗೆ ಹಿಡಿಯುತ್ತಿದ್ದದ್ದು ಕೇವಲ 50 ಲಕ್ಷ ಅಕ್ಷರಗಳನ್ನು. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಬೇಕು! 1973ರಲ್ಲಿ ಅದೇ ಕಂಪೆನಿ ತಟ್ಟೆಗಳನ್ನೂ ಓದುವ ಹೆಡ್ಡನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯೊಳಗಿಟ್ಟ ‘ವಿಂಚೆಸ್ಟರ್’ ಮಾದರಿಯನ್ನು ತಂದಿತು. 1988ರಲ್ಲಿ ಪ್ರೈರಿಟೆಕ್ ಎಂಬ ಕಂಪೆನಿ ಎರಡೂವರೆ ಇಂಚಿನ ಡಿಸ್ಕ್ ಮಾಡಿತು. ಲ್ಯಾಪ್‌ಟಾಪುಗಳಲ್ಲಿ ಬಳಕೆಗೆ ಬಂದದ್ದು ಈ ಅಳತೆಯೇ.

ಇವೆಲ್ಲದರಲ್ಲಿಯೂ ಬರಹ ಇರುವುದು ತಟ್ಟೆಯ ಮೇಲಿನ ಕಾಂತೀಯ ಗುರುತುಗಳಾಗಿ. ಅವನ್ನು ಉಳಿಸಿಕೊಳ್ಳಲು ವಿದ್ಯುತ್ ಬೇಕಾಗಿಲ್ಲ. ಲ್ಯಾಪ್‌ಟಾಪಿನ ಪರದೆ ಒಡೆಯಲಿ, ಮದರ್‌ಬೋರ್ಡ್ ಸುಟ್ಟುಹೋಗಲಿ, ತಟ್ಟೆಗೆ ಪೆಟ್ಟಾಗದಿದ್ದರೆ ಬರಹ ಅಲ್ಲಿಯೇ ಇರುತ್ತದೆ.

ಡಿಲೀಟ್ ಮಾಡಿದ ಕಡತದ ಕಥೆಯೂ ಹೀಗೆಯೇ. ಡಾಸ್ ಕಾಲದಲ್ಲಿ ಕಡತವನ್ನು ಅಳಿಸಿದರೆ ಗಣಕವು ಅದರ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಆ ಸ್ಥಳ ಖಾಲಿಯಿದೆ ಎಂದು ಬರೆದುಕೊಳ್ಳುತ್ತಿತ್ತು, ಅಷ್ಟೆ. ಪುಸ್ತಕದ ಪರಿವಿಡಿಯಲ್ಲಿ ಪಾಠದ ಹೆಸರಿಗೆ ಗೀಟು ಎಳೆದಂತೆ. ಒಳಗಿನ ಪುಟಗಳು ಹಾಗೆಯೇ ಇರುತ್ತವೆ. ಇದನ್ನರಿತ ಪೀಟರ್ ನಾರ್ಟನ್ 1982ರಲ್ಲಿ ತಮ್ಮ ನಾರ್ಟನ್ ಯುಟಿಲಿಟೀಸ್‌ನಲ್ಲಿ ಅಳಿಸಿದ್ದನ್ನು ಮರಳಿ ತರುವ ಸೌಲಭ್ಯ ಕೊಟ್ಟರು. ಆ ಜಾಗದಲ್ಲಿ ಹೊಸದೇನನ್ನೂ ಬರೆದಿರಬಾರದು ಎಂಬುದೊಂದೇ ಅದರ ಮುಖ್ಯ ಷರತ್ತು.

ತಟ್ಟೆಯ ಬರಹ ಎಷ್ಟು ಗಟ್ಟಿ ಎಂಬುದಕ್ಕೆ ದೊಡ್ಡ ಸಾಕ್ಷಿ ದೊರೆತದ್ದು ಒಂದು ದುರಂತದಿಂದ. 2003ರ ಫೆಬ್ರವರಿ 1ರಂದು ಅಮೆರಿಕದ ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಆಕಾಶದಲ್ಲೇ ಛಿದ್ರವಾಯಿತು. ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅಸುನೀಗಿದರು. ಚದುರಿಬಿದ್ದ ಅವಶೇಷಗಳಲ್ಲಿ ಕರಗಿದ ಲೋಹದ ಮುದ್ದೆಯಂತಿದ್ದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಅದರಲ್ಲಿದ್ದದ್ದು ಕ್ಸೆನಾನ್ ಅನಿಲದ ಸ್ನಿಗ್ಧತೆಯ ಪ್ರಯೋಗದ ಮಾಹಿತಿ. ಗಟ್ಟಿ ಮೊಸರನ್ನು ಕದಡಿದರೆ ತೆಳ್ಳಗಾಗುತ್ತದಲ್ಲವೇ? ವಿಶೇಷ ಸ್ಥಿತಿಯಲ್ಲಿ ಕ್ಸೆನಾನ್ ಕೂಡ ಹಾಗಾಗುತ್ತದೆಯೇ ಎಂಬುದೇ ಪ್ರಯೋಗದ ಪ್ರಶ್ನೆ. ಮಾಹಿತಿಯ ಒಂದು ಭಾಗವಷ್ಟೇ ಹಾರಾಟದ ವೇಳೆ ಭೂಮಿಗೆ ತಲುಪಿತ್ತು.

ಕ್ರೋಲ್ ಆನ್‌ಟ್ರ್ಯಾಕ್ ಎಂಬ ಸಂಸ್ಥೆಯ ತಂತ್ರಜ್ಞರು ತಟ್ಟೆಗಳನ್ನು ಹೊರತೆಗೆದು, ಶುಚಿಗೊಳಿಸಿ, ಬೇರೊಂದು ಡ್ರೈವಿನಲ್ಲಿ ಕೂರಿಸಿ ಓದಿದರು. ಶೇಕಡಾ 99ರಷ್ಟು ಮಾಹಿತಿ ಮರಳಿತು! ಇದಕ್ಕೆ ಅದೃಷ್ಟದ ಜೊತೆ ಒಂದು ಕಾರಣವೂ ಇತ್ತು. ಆ ಗಣಕ ಓಡುತ್ತಿದ್ದದ್ದು ಡಾಸ್‌ನಲ್ಲಿ. ಮಾಹಿತಿ ತಟ್ಟೆಯ ತುಂಬ ಚದುರದೆ ಒಂದೆಡೆ ಸಾಲಾಗಿತ್ತು, ಹಾನಿಯಾದ ಭಾಗದಲ್ಲಿ ಬರಹವಿರಲಿಲ್ಲ. 2008ರಲ್ಲಿ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅದೇ ನೌಕೆಯ ಇನ್ನೆರಡು ಡಿಸ್ಕುಗಳಿಂದ ಮಾತ್ರ ಏನೂ ಸಿಗಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಹಾಗಾದರೆ ನಮ್ಮ ಶಾಲೆಯ ಕೆಟ್ಟ ಲ್ಯಾಪ್‌ಟಾಪಿಗೆ ಏನು ಮಾಡಬೇಕು? ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಕೂಡಲೇ ನಿಲ್ಲಿಸಬೇಕು. ಹೆಡ್ ತಟ್ಟೆಯನ್ನು ಗೀರುತ್ತಿರಬಹುದು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಬರಹ ಕೆರೆದುಹೋಗುತ್ತದೆ. ಅದನ್ನು ಬಿಚ್ಚುವುದು ಪರಿಣತರ ಕೆಲಸ. ಸದ್ದಿಲ್ಲದಿದ್ದರೆ ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಪೆಟ್ಟಿಗೆಯ ಮೂಲಕ ಬೇರೊಂದು ಗಣಕಕ್ಕೆ ಜೋಡಿಸಬಹುದು. ವಿಂಡೋಸ್ ಮಾತ್ರ ಕೆಟ್ಟಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಆರಂಭಿಸಿ ನಕಲು ಮಾಡಬಹುದು. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಕೆ ಇರುವುದರಿಂದ ಇದು ನಮಗೆ ಹೊಸದಲ್ಲ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಮಾತ್ರ ಉಳಿಸಬಾರದು. ಹೊಸ ಲ್ಯಾಪ್‌ಟಾಪುಗಳ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಡಿಲೀಟ್ ಆದ ಕಡತದ ಜಾಗವನ್ನು ಅದು ತಾನೇ ಬರಿದು ಮಾಡುವುದರಿಂದ ನಾರ್ಟನ್ ಕಾಲದ ಭರವಸೆ ಅಲ್ಲಿ ಇಟ್ಟುಕೊಳ್ಳುವಂತಿಲ್ಲ.

ಕನ್ನಡದವರಿಗೆ ಇನ್ನೊಂದು ಮೆಟ್ಟಿಲೂ ಉಂಟು. ಕಡತ ಮರಳಿ ಬಂದರೂ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಬಹುದು. ಕಡತ ಹಾಳಾಗಿದೆ ಎಂದು ಎಸೆಯಬಾರದು! ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಅಕ್ಷರಗಳ ಆಕಾರ ಕೂರಿಸಲಾಗಿತ್ತು. ಆ ಫಾಂಟ್ ಹಾಕಿಕೊಂಡರೆ ಕನ್ನಡ ಮೂಡುತ್ತದೆ. ಬಳಿಕ ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದಿಟ್ಟುಕೊಂಡರೆ ಮುಂದೆ ಯಾವ ಗಣಕದಲ್ಲೂ ಓದಬಹುದು.

ಕೊಲಂಬಿಯಾದ ಮೂರು ಡಿಸ್ಕುಗಳಲ್ಲಿ ಓದಲು ಬಂದದ್ದು ಒಂದು. ತಟ್ಟೆ ಗಟ್ಟಿಯೆಂಬ ನಂಬಿಕೆ ಒಳ್ಳೆಯದು, ಎರಡನೆಯ ಪ್ರತಿ ಅದಕ್ಕಿಂತಲೂ ಒಳ್ಳೆಯದು. ಊರಿನ ಹಿರಿಯರು ಹೇಳಿದ ಕಥೆಯನ್ನು ಇನ್ನೊಮ್ಮೆ ಕೇಳೋಣವೆಂದರೆ ಹಲವರು ಈಗ ನಮ್ಮೊಡನಿಲ್ಲ. ಆದ್ದರಿಂದ ಈ ವಾರವೇ ಅಂಥ ಕಡತಗಳನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿ, ಶಾಲೆಯಿಂದ ಹೊರಗೆ ಬೇರೊಬ್ಬರ ಮನೆಯಲ್ಲಿ ಇಟ್ಟುಬಿಡೋಣ.