ಹಲಸೂರು: ನೆರೆಯನ್ನು ಅರಿಯುವ ದಾರಿ

ಪಾಣಿಪತ್ ಯುದ್ಧ ಎಷ್ಟು ಸಲ ನಡೆಯಿತೆಂದು ಕೇಳಿದರೆ ನಮ್ಮ ಮಕ್ಕಳು ತಟ್ಟನೆ ಉತ್ತರ ಹೇಳುತ್ತಾರೆ. ಆದರೆ ಮನೆಯ ಮುಂದಿನ ಬೀದಿಗೆ ಆ ಹೆಸರು ಏಕೆ ಬಂತು, ನಲ್ಲಿ ಬರುವ ಮೊದಲು ಇಲ್ಲಿನವರು ಎಲ್ಲಿಂದ ನೀರು ತರುತ್ತಿದ್ದರು, ಮೂರನೆಯ ಮನೆಯವರ ಹಿರಿಯರು ಯಾವ ಸೀಮೆಯಿಂದ ಬಂದರು ಎಂದು ಕೇಳಿದರೆ ಮಕ್ಕಳಿರಲಿ, ದೊಡ್ಡವರೂ ತಡವರಿಸುತ್ತಾರೆ. ಅರಸರ ಚರಿತ್ರೆಗೆ ಪಠ್ಯಪುಸ್ತಕವಿದೆ. ನೆರೆಹೊರೆಯ ಚರಿತ್ರೆಗೆ ಕಾಲ್ನಡಿಗೆಯೇ ಪಠ್ಯಪುಸ್ತಕ. ಪ್ರಿಯ ಓದುಗರೇ, ಬೆಂಗಳೂರಿನ ಹಲಸೂರನ್ನು ನಿದರ್ಶನವಾಗಿಟ್ಟುಕೊಂಡು ಆ ಪುಸ್ತಕದ ಕೆಲವು ಪುಟಗಳನ್ನು ಒಟ್ಟಿಗೆ ತಿರುವಿ ಹಾಕೋಣ.

ಹೆಸರುಗಳು ಹೇಳುವ ಕಥೆ

ಊರಿನ ಹೆಸರಿನಿಂದಲೇ ಆರಂಭಿಸಬಹುದು. ಕೆರೆಯ ಸುತ್ತ ಹಲಸಿನ ತೋಪು ಇದ್ದುದರಿಂದ ಹಲಸೂರು ಎಂಬ ಹೆಸರು ಬಂತೆಂಬುದು ಜನಜನಿತವಾದ ಮಾತು. ಆಂಗ್ಲರ ನಾಲಿಗೆಯಲ್ಲಿ ಅದು ಅಲ್ಸೂರ್ ಆಯಿತು. ಇಲ್ಲಿಂದ ಬಹುದೂರದಲ್ಲಿ, ಹಳೆಯ ಪೇಟೆಯ ಅಂಚಿನಲ್ಲಿ, ಹಲಸೂರು ಗೇಟ್ ಎಂಬ ಸ್ಥಳವಿರುವುದು ನಿಮಗೆ ಗೊತ್ತು. ಕೋಟೆಪೇಟೆಯಿಂದ ಹಲಸೂರಿನ ಕಡೆಗೆ ಹೊರಡುವವರು ದಾಟುತ್ತಿದ್ದ ಬಾಗಿಲು ಅದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯೊಳಗೆ ನುಗ್ಗಿದ್ದೂ ಅದೇ ಬಾಗಿಲಿನ ಮೂಲಕ. ಬಾಗಿಲು ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಉಳಿದು, ಹಲಸೂರು ಒಂದು ಕಾಲಕ್ಕೆ ಬೇರೆಯೇ ಆದ ಹಳ್ಳಿಯಾಗಿತ್ತೆಂಬುದನ್ನು ನೆನಪಿಸುತ್ತಿದೆ.

ಆ ಹಳ್ಳಿಯ ನಡುವೆ ಸೋಮೇಶ್ವರನ ಗುಡಿಯಿದೆ. ಚೋಳರ ಕಾಲದ ಮೂಲಕ್ಕೆ ವಿಜಯನಗರ ಶೈಲಿಯ ಗೋಪುರವೂ ಕೆತ್ತನೆಯ ಕಂಬಗಳೂ ಸೇರಿ ಬೆಳೆದ ಈ ದೇವಸ್ಥಾನ ಬೆಂಗಳೂರಿನ ಅತಿ ಹಳೆಯ ಕಟ್ಟಡಗಳಲ್ಲಿ ಒಂದು. ಕೆಂಪೇಗೌಡರಿಗೆ ಇಲ್ಲಿ ಕನಸಿನಲ್ಲಿ ನಿಧಿ ತೋರಿತೆಂಬ ಐತಿಹ್ಯ ಇನ್ನೂ ಜನರ ಬಾಯಲ್ಲಿದೆ. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು ನಿಂತಿರುವುದೂ ಇದೇ ಕೆರೆಯ ಬಳಿಯಲ್ಲಿ, ಸೇನೆಯ ಆವರಣದೊಳಗೆ.

ಉಳಿದ ಹೆಸರುಗಳನ್ನೂ ಹೀಗೆಯೇ ಓದಿರಿ. ಜೋಗುಪಾಳ್ಯದ ‘ಪಾಳ್ಯ’ ಹಳೆಯ ಹಳ್ಳಿಯ ಗುರುತು; ಮರ್ಫಿ ಟೌನಿನ ‘ಟೌನ್’ ಆಂಗ್ಲರ ಆಡಳಿತದ ಗುರುತು. ಹಳೆ ಮದ್ರಾಸ್ ರಸ್ತೆ ಜನ ಯಾವ ದಿಕ್ಕಿನಿಂದ ಬಂದರೆಂಬುದನ್ನು ತಿಳಿಸುತ್ತದೆ. ಬಜಾರ್ ಬೀದಿ ಅವರು ಬಂದು ಏನು ಮಾಡಿದರೆಂಬುದನ್ನು ತಿಳಿಸುತ್ತದೆ.

ದಂಡು ಬಂದ ಮೇಲೆ

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಆಂಗ್ಲರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಮಲೇರಿಯಾ ಸಿಪಾಯಿಗಳನ್ನು ಕಾಡಿದ್ದರಿಂದ 1809ರ ವೇಳೆಗೆ ಸೈನ್ಯವನ್ನು ಬೆಂಗಳೂರಿಗೆ ತರಲಾಯಿತು. ಅದಕ್ಕಾಗಿ ಆರಿಸಿಕೊಂಡದ್ದು ಹಲಸೂರಿನ ನೆರೆಯ ಎತ್ತರದ, ಗಾಳಿಯಾಡುವ ನೆಲ. ಜನ ಅದನ್ನು ‘ದಂಡು’ ಎಂದರು. ಮದ್ರಾಸ್ ಸ್ಯಾಪರ್ಸ್ ದಳ 1834ರಲ್ಲಿ ಇಲ್ಲಿಗೆ ಬಂದು ನೆಲೆನಿಂತಿತು. ಅದರ ಮುಂದುವರಿಕೆಯಾದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಇಂದಿಗೂ ಕೆರೆಯ ದಡದಲ್ಲಿದೆ. ಸ್ವಲ್ಪ ದೂರದಲ್ಲಿ ಸಿಪಾಯಿಗಳಿಗಾಗಿ ಕಟ್ಟಿಸಿದ ಹೋಲಿ ಟ್ರಿನಿಟಿ ದೇವಾಲಯ 1851ರದ್ದು. ಅದರ ಹೆಸರನ್ನೇ ಹೊತ್ತ ಟ್ರಿನಿಟಿ ವೃತ್ತವನ್ನು ನಾವು ದಿನವೂ ದಾಟುತ್ತೇವೆ.

ಸೈನ್ಯವೆಂದರೆ ಬಂದೂಕು ಹಿಡಿದವರು ಮಾತ್ರವಲ್ಲ. ಇಟ್ಟಿಗೆ ಸುಡುವವರು, ಗಾರೆ ಕೆಲಸದವರು, ಅಡಿಗೆಯವರು, ಕುದುರೆ ನೋಡಿಕೊಳ್ಳುವವರು, ಬಟ್ಟೆ ಒಗೆಯುವವರು, ದವಸ ಒದಗಿಸುವ ವರ್ತಕರು, ಎಲ್ಲರೂ ಅದರ ಬೆನ್ನಿಗೆ ಬಂದರು. ಮದ್ರಾಸು ಪ್ರಾಂತದ ಜಿಲ್ಲೆಗಳಿಂದ ತಮಿಳು, ತೆಲುಗು ಮಾತನಾಡುವವರು ಬಂದು, ಇಲ್ಲಿದ್ದ ಕನ್ನಡ ಒಕ್ಕಲುಗಳ ಮಗ್ಗುಲಲ್ಲಿ ಮನೆ ಕಟ್ಟಿಕೊಂಡರು. ಉರ್ದು ಮಾತನಾಡುವ ಕುಟುಂಬಗಳೂ ನೆಲೆಸಿದವು. ನಾಲ್ಕು ನುಡಿಗಳ ಈ ಬೀದಿಗಳನ್ನು ಯಾರೂ ಯೋಜಿಸಿ ಕಟ್ಟಲಿಲ್ಲ, ಹೊಟ್ಟೆಪಾಡು ಕಟ್ಟಿತು.

ಹೀಗೆ ಬೆಳೆದವರಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ (1827–1910) ಒಬ್ಬರು. ಸಣ್ಣ ವ್ಯಾಪಾರದಿಂದ ಮೇಲೆ ಬಂದು, ಇಂದಿನ ಉಚ್ಚ ನ್ಯಾಯಾಲಯವಿರುವ ಅಠಾರ ಕಚೇರಿಯ ನಿರ್ಮಾಣದಲ್ಲಿ ಪಾತ್ರವಹಿಸಿದವರು. ಗಳಿಸಿದ ಧನವನ್ನು ಅವರು ಶಾಲೆಗೆ ತಿರುಗಿಸಿದರು. ಬಡ ಮಕ್ಕಳಿಗಾಗಿ 1873ರಲ್ಲಿ ಅವರು ತೆರೆದ ಉಚಿತ ಶಾಲೆಯಿಂದ ಬೆಳೆದವೇ ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆಗಳು. ಒಂದು ಬಡಾವಣೆಯ ಸಂಪತ್ತು ಯಾವುದೆಂದು ಲೆಕ್ಕ ಹಾಕುವಾಗ ಕೆರೆ, ಮಾರುಕಟ್ಟೆಗಳ ಜೊತೆಗೆ ಇಂಥ ದಾನದ ಪರಂಪರೆಯನ್ನೂ ಸೇರಿಸಬೇಕು.

ಆದರೆ ಕಷ್ಟಗಳೂ ಇದ್ದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮನೆಗೆ ಮನೆ ತಾಗಿಕೊಂಡಿದ್ದ ಇಕ್ಕಟ್ಟಿನ ಬೀದಿಗಳು ನಲುಗಿದವು. ಗಾಳಿ, ಬೆಳಕು, ಚರಂಡಿಗಳಿಲ್ಲದ ವಸತಿ ಮೃತ್ಯುವಿಗೆ ಆಹ್ವಾನವೆಂಬ ಪಾಠ ಆಗ ಕಲಿತದ್ದು. ಫ್ರೇಜರ್ ಟೌನಿನಂಥ ವಿಶಾಲ ಬಡಾವಣೆಗಳು ಹುಟ್ಟಿದ್ದು ಆ ಪಾಠದಿಂದ.

1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಪ್ರದೇಶ ಆಂಗ್ಲರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈಯಲ್ಲಿ. ಪೇಟೆಯ ಮತ್ತು ದಂಡಿನ ಪೌರಸಭೆಗಳು ಒಂದಾಗಿ ಬೆಂಗಳೂರು ಕಾರ್ಪೊರೇಷನ್ ಆದದ್ದು 1949ರಲ್ಲಿ. ಎರಡು ಊರುಗಳು ಕಾಗದದ ಮೇಲೆ ಒಂದಾದವು. ಮನಸ್ಸಿನಲ್ಲಿ ಒಂದಾಗಲು ಹೆಚ್ಚು ಕಾಲ ಹಿಡಿಯಿತು. ಕೆರೆಯ ಬಳಿ 1991ರಲ್ಲಿ ಸಿದ್ಧವಾದ ತಿರುವಳ್ಳುವರ್ ಪ್ರತಿಮೆ ವಿರೋಧದ ಕಾರಣ ಹದಿನೆಂಟು ವರ್ಷ ಮುಸುಕು ಹೊದ್ದೇ ನಿಂತಿತ್ತು. 2009ರ ಆಗಸ್ಟ್ 9ರಂದು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಅದು ಅನಾವರಣಗೊಂಡಿತು. ನಾಲ್ಕು ದಿನಗಳ ಬಳಿಕ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಇಬ್ಬರೂ ನೀತಿ ಹೇಳಿದ ಕವಿಗಳು. ಅವರ ಮಾತಿಗೆ ಗಡಿಯಿರಲಿಲ್ಲ. ಗಡಿ ಹಾಕಿದವರು ಓದುಗರು.

ಬೀದಿಗಳು ಈ ಪಾಠವನ್ನು ಮೊದಲೇ ಕಲಿತಿದ್ದವು. ಹಲಸೂರಿನ ಹೂವಿನ ಪಲ್ಲಕ್ಕಿ ಉತ್ಸವದ ರಾತ್ರಿ ಹಲವು ಗುಡಿಗಳ ಪಲ್ಲಕ್ಕಿಗಳು ಬೀದಿಗೆ ಬರುತ್ತವೆ. ನೋಡುವ ಜನರಲ್ಲಿ ಯಾರ ಮನೆಮಾತು ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಕೆರೆಯ ದಡದ ಗುರುದ್ವಾರದಲ್ಲಿ ಹಸಿದು ಬಂದವರನ್ನು ಜಾತಿ ಕೇಳದೆ ಪಂಕ್ತಿಯಲ್ಲಿ ಕೂರಿಸುತ್ತಾರೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಸೆಪ್ಟೆಂಬರ್ ಹಬ್ಬಕ್ಕೆ ಎಲ್ಲ ಮತದವರೂ ಹೋಗುತ್ತಾರೆಂಬುದು ನಿಮಗೇ ಗೊತ್ತು.

ಕೆರೆಯ ನೀರು, ನಮ್ಮ ನೀರು

ಹಲಸೂರಿನ ಇಂದಿನ ಸವಾಲುಗಳಿಗೆಲ್ಲ ಕನ್ನಡಿ ಅದರ ಕೆರೆ. ಸುಮಾರು 50 ಹೆಕ್ಟೇರ್ ವಿಸ್ತಾರದ, ನಡುಗಡ್ಡೆಗಳುಳ್ಳ ಈ ಕೆರೆಗೆ ಮಳೆನೀರು ತರಬೇಕಾದ ಕಾಲುವೆಗಳು ಕೊಳಚೆಯನ್ನೂ ಹೊತ್ತು ತರುತ್ತವೆ. ಕೊಳಚೆಯ ಸಾರ ಹೀರಿ ಪಾಚಿ, ಜೊಂಡು ಹುಲುಸಾಗಿ ಬೆಳೆಯುತ್ತವೆ; ಅವು ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯು ಬರಿದಾಗುತ್ತದೆ. 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ತೇಲಿಬಂದ ದೃಶ್ಯವನ್ನು ಪತ್ರಿಕೆಗಳಲ್ಲಿ ನೀವು ಕಂಡಿರಬಹುದು. ಇಲ್ಲಿಂದ ಹೊರಬೀಳುವ ನೀರು ಇಲ್ಲಿಗೇ ಮುಗಿಯುವುದಿಲ್ಲ. ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಮ್ಮ ಬಚ್ಚಲಲ್ಲಿ ಚೆಲ್ಲಿದ್ದು ನಾವು ಕಾಣದ ಯಾರದೋ ಹೊಲದ ಅಂಚಿನಲ್ಲಿ ಹರಿಯುತ್ತದೆ. ನೆರೆಯವನು ಯಾರು ಎಂಬ ಹಳೆಯ ಪ್ರಶ್ನೆಗೆ ಕೆರೆಗಳ ಈ ಸರಪಳಿ ವಿಶಾಲವಾದ ಉತ್ತರ ಕೊಡುತ್ತದೆ.

ಇನ್ನೊಂದು ಸವಾಲು ವೇಗದ್ದು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ ಮೆಟ್ರೋ 2011ರ ಅಕ್ಟೋಬರ್ 20ರಂದು ಹಲಸೂರಿನ ಮೇಲೆ ಹಾದು ಓಡತೊಡಗಿತು. ಅದಕ್ಕೆ ಮೊದಲು ಸಿ.ಎಂ.ಎಚ್. ರಸ್ತೆಯ ವರ್ತಕರು ತಮ್ಮ ಅಂಗಡಿಗಳಿಗಾಗಿ ವರ್ಷಗಟ್ಟಲೆ ಹೋರಾಡಿದ್ದರು. ರೈಲು ಬಂದದ್ದು ಎಲ್ಲರಿಗೂ ಅನುಕೂಲವೇ. ಆದರೆ ಅದರ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ಮೇಲಿನಿಂದ ನೋಡುವ ಪ್ರಯಾಣಿಕನಿಗೆ ಕೆಳಗಿನ ಬೀದಿ ಎರಡು ನಿಮಿಷದ ನೋಟ. ಅಲ್ಲಿ ಬದುಕುವವರಿಗೆ ಅದು ಪೂರ್ತಿ ಜೀವನ.

2020ರ ಲಾಕ್‌ಡೌನ್ ದಿನಗಳನ್ನು ನೆನಪಿಸಿಕೊಳ್ಳಿರಿ. ಯಾರ ಮನೆಯಲ್ಲಿ ದವಸ ಮುಗಿದಿದೆ, ಯಾವ ಅಜ್ಜಿ ಒಂಟಿಯಾಗಿದ್ದಾರೆ, ಕಟ್ಟಡ ಕೆಲಸಕ್ಕೆ ಬಂದ ಯಾವ ಕುಟುಂಬಕ್ಕೆ ಪಡಿತರ ಚೀಟಿಯಿಲ್ಲ ಎಂಬುದು ಆಗ ಬೇಕಾದ ಜ್ಞಾನವಾಗಿತ್ತು. ಅಂಥ ಜ್ಞಾನ ಆಪತ್ತಿನ ದಿನ ಒಮ್ಮೆಗೇ ಸಿಗುವುದಿಲ್ಲ, ಮೊದಲೇ ಕೂಡಿಟ್ಟಿರಬೇಕು.

ಅದನ್ನು ಕೂಡಿಡುವುದು ಹೇಗೆ? ನಿಮ್ಮ ಧರ್ಮಕೇಂದ್ರ ಹಳೆಯದಾಗಿದ್ದರೆ, ಗುರುಗಳ ಅನುಮತಿ ಪಡೆದು ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ನೋಡಿರಿ. ಹೆಸರುಗಳ ಜೊತೆಗೆ ಕಸುಬು, ಊರುಗಳ ಸುಳಿವು ಅಲ್ಲಿ ದೊರೆತೀತು. ಹಿರಿಯರ ಬಳಿ ಕುಳಿತು ಅವರ ಬಾಲ್ಯದ ಬೀದಿಯನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಬಾವಿ, ಶಾಲೆ, ಔಷಧಾಲಯ, ಪಡಿತರ ಅಂಗಡಿ, ಮುಚ್ಚಿಹೋದ ಕಾಲುವೆಗಳನ್ನು ಗುರುತಿಸಿ ಮಕ್ಕಳಿಂದ ಒಂದು ನಕ್ಷೆ ಬರೆಸಿರಿ. ಮುಂಜಾನೆ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಹೆಸರು ಹಿಡಿದು ಮಾತನಾಡಿಸಿರಿ. ಬಡಾವಣೆಯ ಯಾವ ಮೂಲೆಯಲ್ಲಿ ಏನು ಕೆಟ್ಟಿದೆಯೆಂಬುದನ್ನು ಅವರಷ್ಟು ಬಲ್ಲವರಿಲ್ಲ.

ದಂಡಿನ ಹಿಂದೆ ಬಂದ ಕೂಲಿಯವರ ಹೆಸರುಗಳನ್ನು ಯಾವ ಶಿಲಾಶಾಸನವೂ ಬರೆದಿಡಲಿಲ್ಲ. ಅವರು ಹೊತ್ತ ಇಟ್ಟಿಗೆಗಳ ಮೇಲೆ ಈ ಊರು ನಿಂತಿದೆ. ಇಂದು ನಮ್ಮ ಬೀದಿಗೆ ಗಂಟುಮೂಟೆಯೊಡನೆ ಬಂದಿಳಿಯುವ ಹೊಸ ಕುಟುಂಬವೂ ಅದೇ ಚರಿತ್ರೆಯ ಮುಂದಿನ ಪುಟ. ಅವರ ಹೆಸರನ್ನಾದರೂ ನಾವು ಕೇಳಿ ತಿಳಿದುಕೊಳ್ಳೋಣ.